ಟರ್ಕಿಯ ಮುಚ್ಚಳ ಎಷ್ಟು ಸಲ ತೆಗೆದೆವು

ಅಥವಾ ಟರ್ಕಿ ಕೋಳಿ ಬೇಯುತ್ತಿದ್ದ ಪಾತ್ರೆಯ ಮುಚ್ಚಳ ತೆಗೆದದ್ದು ಐದೇ ಸಲವೂ ಇರಬಹುದು. ಒಂಬತ್ತು ಎಂದು ನಾನೇ ನಾಲ್ಕಾರು ಕಡೆ ಹೇಳಿದ್ದೇನೆ, ಹೇಳಿ ಹೇಳಿ ಅದು ಒಂಬತ್ತಾಗಿದೆ. ಮೊದಮೊದಲು ಏಳು ಎನ್ನುತ್ತಿದ್ದೆ ಎಂದು ನನ್ನ ಹೆಂಡತಿ ನೆನಪಿಸುತ್ತಾಳೆ. ಅವಳು ಆ ದಿನ ಅಲ್ಲಿರಲಿಲ್ಲ. ಇರದವರಿಗೇ ಇಂಥದ್ದೆಲ್ಲ ಚೆನ್ನಾಗಿ ನೆನಪಿರುತ್ತದೆ. ಹಕ್ಕಿಯ ತೂಕದ ಕತೆಯೂ ಹೀಗೆಯೇ. ಕೊಂಡಾಗ ನಾಲ್ಕು ಕಿಲೋ ಇದ್ದದ್ದು ವರ್ಷ ವರ್ಷ ಬೆಳೆದು, ಹೋದ ಯುಗಾದಿಯ ಹೊತ್ತಿಗೆ ನಮ್ಮ ಕಾಕಾನ ಬಾಯಲ್ಲಿ ಹತ್ತು ಕಿಲೋ ಮುಟ್ಟಿತ್ತು. ಸತ್ತ ಮೇಲೆ ಇಷ್ಟು ಮೈ ತುಂಬಿಕೊಂಡ ಪ್ರಾಣಿ ನಮ್ಮ ತಾಲೂಕಿನಲ್ಲಿ ಇನ್ನೊಂದಿಲ್ಲ.

ಇದೆಲ್ಲ ಮತ್ತೆ ತಲೆಗೆ ಬಂದದ್ದು ನಿನ್ನೆ. ಹಳಿಯಾಳದ ಸಂತೆಯಲ್ಲಿ ಮೆಂತ್ಯದ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದೆ. ಪಕ್ಕದಲ್ಲಿ ಒಬ್ಬಾತ ಜೀವಂತ ಟರ್ಕಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ಅದು ಕುತ್ತಿಗೆಯ ಕೆಂಪು ಚರ್ಮವನ್ನು ಅಲ್ಲಾಡಿಸಿ, ಬಾಟಲಿಯಿಂದ ನೀರು ಸುರಿದ ಹಾಗೆ ಗುಳುಗುಳು ಕೂಗಿತು. ಸರಿಯಾಗಿ ಆಗಲೇ ಫೋನ್ ಬಂತು ಎಂದು ಬರೆದರೆ ಚಂದ. ನಿಜವಾಗಿ ಫೋನ್ ಬಂದದ್ದು ಸಂಜೆ, ನಾನು ಕಾಲು ಚಾಚಿ ಟಿ.ವಿ. ನೋಡುತ್ತಿದ್ದಾಗ. ಮಾಡಿದವಳು ಕಾಕಾನ ಮಗಳು ಗಿರಿಜಾ.

"ಅಣ್ಣಾ, ಅಪ್ಪ ಮತ್ತ ಟರ್ಕಿ ತರಾಕತ್ತಾನ. ಈ ಸಲ ಕ್ರಿಸ್‌ಮಸ್‌ಗೆ ನಿಮ್ಮ ಅತ್ತಿನ್ನ ಕರಕೊಂಡ ಬಾ ಅಂತಾನ."

"ಛಲೋ ಆತಲ್ಲ."

"ಏನ್ ಛಲೋ? ಎಂಟ ವರ್ಷ ಆತು ನಮ್ಮ ಅತ್ತಿ ಆ ಮನಿ ಹೊಸ್ತಿಲ ತುಳದಿಲ್ಲ. ಈಗ ಹೋಗಲೇನ ಗಿರಿಜಾ ಅಂತ ನನ್ನ ಕೇಳಾಕತ್ತಾರ. ನೀ ಹೇಳಿದ್ರ ಹೋಗ್ತೇನಿ ಅಂತಾರ. ಅದಕ್ಕ ನಿನ್ನ ಕೇಳ್ತೇನಿ. ಅವತ್ತ ಅಪ್ಪ ಬೇಕಂತನ ಮುಚ್ಚಳ ತಗದನೇನು?"

"ನನಗೇನ ಗೊತ್ತವಾ?"

"ನಿನಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತು? ಬೆಳಗ್ಗಿಂದ ಅದರ ಮುಂದ ಅವನ ಜೋಡಿ ಕುಂತಾಂವ ನೀ ಒಬ್ಬನ. ಬೇಕಂತ ಮಾಡಿದ್ದ ಇದ್ರ ಇನ್ನೊಮ್ಮಿ ಅವರ ಮರ್ಯಾದಿ ಕಳಿಯಾಕ ನಾ ಕರಕೊಂಡ ಬರಂಗಿಲ್ಲ. ಇಲ್ಲಂದ್ರ ಬರ್ತೇನಿ. ನಾಳೆ ಸಂಜಿಮುಂದ ಫೋನ್ ಮಾಡ್ತೇನಿ, ವಿಚಾರ ಮಾಡಿ ಹೇಳು."

ವಿಚಾರ ಮಾಡುತ್ತಿದ್ದೇನೆ. ನೀವೂ ಜೊತೆಗೆ ಕೂಡಿ, ಒಬ್ಬನೇ ಮಾಡಿದರೆ ನನ್ನ ಪರವಾಗಿಯೇ ತೀರ್ಪು ಬರುವ ಅಪಾಯವಿದೆ.

ರುದ್ರಪ್ಪ ಕಾಕಾ ನನ್ನ ಅಪ್ಪನ ತಮ್ಮ. ಸಾಂಬ್ರಾಣಿಯ ಹೊಲ ಅಣ್ಣನಿಗೆ ಬಿಟ್ಟು ದಾಂಡೇಲಿಯ ಕಾಗದದ ಮಿಲ್ಲು ಸೇರಿದವನು. ಅಲ್ಲಿ ಡೈಜೆಸ್ಟರ್ ವಿಭಾಗ. ಡೈಜೆಸ್ಟರ್ ಎಂದರೆ ಎರಡು ಮಾಳಿಗೆ ಎತ್ತರದ ಕಬ್ಬಿಣದ ಹಂಡೆ; ಚೂರು ಮಾಡಿದ ಬಿದಿರು, ಕಟ್ಟಿಗೆಯನ್ನು ಅದರೊಳಗೆ ತುಂಬಿ ತಾಸುಗಟ್ಟಲೆ ಬೇಯಿಸಿ ಮೆತ್ತಗೆ ಮಾಡುತ್ತಾರೆ. ಮೂವತ್ತು ವರ್ಷ ಬಿದಿರು ಬೇಯಿಸಿದ ಮನುಷ್ಯನಿಗೆ ಜಗತ್ತಿನ ಉಳಿದ ಬೇಯುವ ವಸ್ತುಗಳ ಬಗ್ಗೆ ಒಂದು ತಾತ್ಸಾರ ಹುಟ್ಟಿಬಿಟ್ಟಿತ್ತು. ಮದುವೆಮನೆಗಳಲ್ಲಿ ಅಡುಗೆಯವರ ಹಿಂದೆ ಕೈಕಟ್ಟಿ ನಿಂತು, "ಬಿದಿರ ಬೇಯಿಸಾಂವ ನಾ. ಇದೇನ ಬ್ಯಾಳಿ," ಎನ್ನುತ್ತಿದ್ದ. ಮನೆಯಲ್ಲಿ ಅವನು ಒಂದು ಲೋಟ ಚಹಾ ಮಾಡಿದ್ದನ್ನು ಕಂಡವರಿಲ್ಲ.

ಗಿರಿಜಾ ಗಣೇಶಗುಡಿಯ ಹತ್ತಿರ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದಳು. ಕಾಳಿ ನದಿಯಲ್ಲಿ ಪ್ರವಾಸಿಗಳನ್ನು ರಬ್ಬರಿನ ದೋಣಿಯಲ್ಲಿ ಕೂರಿಸಿ ಸುರಕ್ಷಿತವಾಗಿ ಕಿರುಚಿಸುವ ಲೂಯಿಸ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಜೋಯಿಡಾ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹುಡುಗ. ತಾಯಿ ಮಾರ್ತಾಬಾಯಿ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುತ್ತಿದ್ದರು. ಕಾಕಾ ಹದಿನೈದು ದಿನ ಮಾತು ಬಿಟ್ಟ. ಹದಿನಾರನೆಯ ದಿನ, ಯಾರೂ ಕೇಳದಿದ್ದರೂ, "ನಾವೇನ್ ಹಳೇ ಕಾಲದ ಮಂದಿ ಅಲ್ಲ," ಎಂದು ಘೋಷಿಸಿದ. ಬೀಗರನ್ನು ಊಟಕ್ಕೆ ಕರೆಯುವುದು. ಅವರ ಊಟವನ್ನೇ ಅವರಿಗೆ ಬಡಿಸುವುದು.

ನಮ್ಮದು ಶರಣರ ಹೆಸರು ಹೇಳುವ ಮನೆತನ. ಮೊಟ್ಟೆ ಎಂಬ ಶಬ್ದವನ್ನೂ ಸ್ವಲ್ಪ ಸಣ್ಣ ಧ್ವನಿಯಲ್ಲಿ ಹೇಳುತ್ತೇವೆ. ಅಂಥದ್ದರಲ್ಲಿ ಲೂಯಿಸ್ ಒಮ್ಮೆ ಮಾತಿಗೆ ಮಾತು ಬಂದು, ಗೋವಾದಲ್ಲಿರುವ ತನ್ನ ತಾಯಿಯ ತಂಗಿ, ಮಾವಶಿಯ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಇಡೀ ಟರ್ಕಿ ಮಾಡುತ್ತಾರೆ ಎಂದಿದ್ದ. ಕಾಕಾ ಅದನ್ನು ಹಿಡಿದುಕೊಂಡ.

"ಅಂಕಲ್, ಕೋಳಿನ ಸಾಕ್ರಿ. ಇಲ್ಲಾ ಬರೇ ರೊಟ್ಟಿ ಪಲ್ಲೆ ಮಾಡ್ರಿ, ಅಮ್ಮಗ ಭಾಳ ಸೇರ್ತೈತಿ," ಎಂದ ಲೂಯಿಸ್.

"ಕೋಳಿ ಯಾರೂ ಮಾಡ್ತಾರ. ಟರ್ಕಿ ಮಾಡೂಣು. ಇಡೀದು!"

ಇಡೀದು ಯಾಕೆಂದರೆ, ತುಂಡು ಮಾಡಿದರೆ ದೊಡ್ಡ ಮನಸ್ಸು ದೂರದಿಂದ ಕಾಣುವುದಿಲ್ಲ. ನೆರೆಯವರಿಗೆ ಕಾಂಪೌಂಡಿನಾಚೆಯಿಂದಲೇ ಕಾಲು ಕಾಣಬೇಕು.

ತೊಡಕು ಬಂದದ್ದು ಒಲೆಯಲ್ಲಿ. ಕಾಕಾನ ಹೆಂಡತಿಯನ್ನು ನಾವು ಚಿಗವ್ವ ಎನ್ನುತ್ತೇವೆ. ಅಡುಗೆಮನೆಯ ಮೂಲೆಯಲ್ಲೇ ಕೂತು ಎರಡು ಹೊತ್ತು ಲಿಂಗಪೂಜೆ ಮಾಡುವವಳು. ಆಕೆ ಜಗಳವಾಡಲಿಲ್ಲ. "ಹಾಕರಿ, ಯಾರಿಗೆ ಏನ ಬೇಕ ಅದನ್ನ ಹಾಕರಿ. ನನ್ನ ಒಲಿ ಮ್ಯಾಲ ಅಲ್ಲ," ಎಂದಳು, ಅಷ್ಟೆ. ಕಾಕಾ ಮೂರು ದಿನ ಫೋನಿನಲ್ಲಿ ವಿಡಿಯೋ ನೋಡಿ, ಸ್ಲೋ ಕುಕ್ಕರ್ ಎಂಬ ಕರೆಂಟಿನ ಪಾತ್ರೆ ತರಿಸಿದ. ಉರಿ ಇಲ್ಲ, ಸೀಟಿ ಇಲ್ಲ. ಒಳಗಿಟ್ಟು ಮುಚ್ಚಿದರೆ ಏಳೆಂಟು ತಾಸಿನಲ್ಲಿ ತಾನೇ ಮೆತ್ತಗೆ ಬೇಯುತ್ತದೆ. ದೊಡ್ಡ ಗಾತ್ರದ್ದು, ಮಣ್ಣಿನ ಒಳಪಾತ್ರೆ, ಗಾಜಿನ ಮುಚ್ಚಳ. ಕೆಂಪು ಬಣ್ಣದ್ದು ಎಂದು ನನ್ನ ನೆನಪು, ಕರಿಯದು ಎಂದು ಗಿರಿಜಾಳ ನೆನಪು.

"ಇದು ಒಲಿ ಅಲ್ಲ," ಎಂದು ಕಾಕಾ ಚಿಗವ್ವನಿಗೆ ವಿವರಿಸಿದ. "ಬೆಂಕಿನ ಇಲ್ಲ ಅಂದ ಮ್ಯಾಲ ಒಲಿ ಹೆಂಗ ಆಗತೈತಿ?"

"ಕರೆಂಟಿಗೆ ಮೈಲಿಗಿ ಆಗಂಗಿಲ್ಲೇನ್ರಿ?"

"ಅಂಬಿಕಾನಗರದ ಪಾವರ್ ಹೌಸಿನ್ಯಾಗ ಹುಟ್ಟಿ ಎಲ್ಲಾರ ಮನಿಗೂ ಹೋಗತೈತಿ ಅದು. ಅದಕ್ಯಾವ ಜಾತಿ?"

"ಹಂಗಾರ ಎಲ್ಲಾರ ಮನಿಗೂ ಹೋಗಲಿ. ನನ್ನ ಅಡಗಿಮನಿ ಪ್ಲಗ್ಗಿಗೆ ಬ್ಯಾಡ."

ನಗಬೇಡಿ. ನಿಮ್ಮ ಮನೆಯಲ್ಲೂ ಹಿತ್ತಿಲ ಕಿಟಕಿಯ ಮೇಲೆ ಬೇರೆ ಇಟ್ಟ ಒಂದು ಸ್ಟೀಲಿನ ಲೋಟ ಇದೆಯೋ ಇಲ್ಲವೋ ನೋಡಿ ಬನ್ನಿ, ಆಮೇಲೆ ನಗೋಣ.

ಹೀಗೆ ಪಾತ್ರೆ ಸ್ಕೂಟರಿನ ಶೆಡ್ಡಿಗೆ ಹೋಯಿತು. ಉದ್ದದ ವೈರು ಎಳೆದು, ಹಳೆಯ ಸ್ಟೂಲಿನ ಮೇಲೆ ಕೂರಿಸಿದೆವು. ಕಾಕಾ ಮುಂಡಗೋಡ ಕಡೆ ಟರ್ಕಿ ಸಾಕುವವರೊಬ್ಬರಿಂದ ಹಕ್ಕಿ ತರಿಸಿ, ಕೋಳಿ ಅಂಗಡಿಯವನಿಂದ ಸ್ವಚ್ಛ ಮಾಡಿಸಿ, ಬರ್ಫದ ಡಬ್ಬಿಯಲ್ಲಿಟ್ಟಿದ್ದ. ನನ್ನನ್ನು ಹಿಂದಿನ ದಿನವೇ ಹಳಿಯಾಳದಿಂದ ಕರೆಸಿಕೊಂಡಿದ್ದ. ನಾನು ಹೈಸ್ಕೂಲ್ ಮಾಸ್ತರ, ಪಾತ್ರೆಯ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆ ಓದಿ ಹೇಳಬೇಕು. ಓದಿ ಹೇಳಿದೆ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇತ್ತು: ಬೇಯುವಾಗ ಮುಚ್ಚಳ ತೆಗೆಯಬಾರದು; ಒಮ್ಮೆ ತೆಗೆದರೆ ಹೋದ ಕಾವು ಮರಳಲು ಅರ್ಧ ತಾಸು ಬೇಕು.

"ಅದು ಅಡಗಿ ಬರಲಾರದವರಿಗೆ ಬರದದ್ದು," ಎಂದ ಕಾಕಾ.

ಬೆಳಿಗ್ಗೆ ಆರಕ್ಕೆ, ಮಿಲ್ಲಿನ ಮೊದಲ ಪಾಳಿಯ ಹೊತ್ತಿಗೆ ಸರಿಯಾಗಿ, ನಮ್ಮ ಪಾಳಿಯೂ ಶುರುವಾಯಿತು. ಕಾಕಾ ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಂಡು ಹಕ್ಕಿಯನ್ನು ಎತ್ತಿದ, ಮುಖ ಮಾತ್ರ ಆಚೆ ತಿರುಗಿತ್ತು. ವಿಡಿಯೋ ಹೇಳಿದಂತೆ ಉಪ್ಪು, ಖಾರ, ಬೆಳ್ಳುಳ್ಳಿ ಮೆತ್ತಿದೆವು. ಒಳಗಿಟ್ಟರೆ ಕಾಲು ಹೊರಗೆ ನಿಂತವು. ಒತ್ತಿದರೆ ಎದೆ ಮೇಲೆದ್ದಿತು. ಕಡೆಗೆ ಕಾಲುಗಳನ್ನು ಸುತಳಿಯಿಂದ ಬಿಗಿದು ಮುಚ್ಚಿದೆವು. ವಾಸನೆ ಅಡುಗೆಮನೆಗೆ ಹೋಗಬಾರದೆಂದು ಕಾಕಾ ಸ್ಕೂಟರ್ ಸೀಟಿನ ಸಂದಿಯಲ್ಲಿ ನಾಲ್ಕು ಊದಿನಕಡ್ಡಿ ಸಿಕ್ಕಿಸಿದ. ಜೀವಮಾನದಲ್ಲಿ ಮಾಂಸ ಮುಟ್ಟದ ಇಬ್ಬರು ಗಂಡಸರು ಸತ್ತ ಹಕ್ಕಿಯೊಂದಕ್ಕೆ ಧೂಪ ಹಾಕಿ ಕೂತಿದ್ದೆವು. ಅದು ಬೆಂದಾಗ ಹೇಗೆ ಕಾಣುತ್ತದೆ ಎಂಬುದೂ ಇಬ್ಬರಿಗೂ ಗೊತ್ತಿರಲಿಲ್ಲ.

ಏಳು ಗಂಟೆಗೆ ಕಾಕಾ, "ತಗಿ," ಎಂದ.

"ತೆಗೀಬಾರದು ಅಂತ ಬರದೈತಿ ಕಾಕಾ."

"ರೀಡಿಂಗ್ ತಗೋಬೇಕಲ್ಲೋ ತಮ್ಮಾ. ಮಿಲ್ಲಿನಾಗ ಮೀಟರ್ ಇರತೈತಿ, ನೋಡಿ ಬರಕೋತೇವಿ. ಇದಕ್ಕ ಮೀಟರ್ ಎಲ್ಲೈತಿ? ಮೀಟರ್ ಇಲ್ಲದ ಪಾತ್ರಿ ನಂಬಿ ಕೂಡೂದು ಹೆಂಗ?"

ತೆಗೆದೆ. ಹುಬ್ಬಳ್ಳಿಯಿಂದ ತಂದ ಉದ್ದನೆಯ ಥರ್ಮಾಮೀಟರನ್ನು ಚುಚ್ಚಿ ಅಂಕಿ ಕೂಗಿದ, ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಎಂಟಕ್ಕೆ ಮತ್ತೆ ತೆಗೆದೆವು. ಒಂಬತ್ತಕ್ಕೆ ಮತ್ತೆ. ಪ್ರತಿ ಸಲ ಕಾವೆಲ್ಲ ಹೊರಗೆ ಬಂದು ನನ್ನ ಕನ್ನಡಕದ ಮೇಲೆ ಕೂರುತ್ತಿತ್ತು. ಅಂಕಿ ಒಂದು ಸಲ ಒಂದಿಷ್ಟು ಏರುವುದು, ಮುಂದಿನ ಸಲ ಅಷ್ಟೇ ಇಳಿಯುವುದು.

"ಏರವಲ್ದಲ್ಲೋ ಇದು!"

"ತೆಗೆಯೂದ್ರಿಂದನ ಏರವಲ್ದು ಕಾಕಾ."

"ತಗೀಲಾರದ ಏರೈತೋ ಇಲ್ಲೋ ಅಂತ ತಿಳಿಯೂದ ಹೆಂಗ?"

ನಾನು ಕನ್ನಡಕ ಒರೆಸಿಕೊಂಡು, ಹತ್ತಕ್ಕೆ ಮತ್ತೆ ಮುಚ್ಚಳ ಎತ್ತಿದೆ.

ಹನ್ನೊಂದರ ಸುಮಾರಿಗೆ ಕಾಕಾ ನನ್ನನ್ನು ಕೂರಿಸಿ ಸ್ನಾನಕ್ಕೆ ಹೋದ. ಆ ಹೊತ್ತಿನ ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರುತ್ತೇನೆ. ಮೊದಲು ಊಟ ಮುಗಿಸಿಬಿಡೋಣ.

ಒಂದೂವರೆಗೆ ಬೀಗರು ಬಂದರು. ಮಾರ್ತಾಬಾಯಿ ಇಸ್ತ್ರಿ ಮಾಡಿದ ಹಸಿರು ಸೀರೆಯುಟ್ಟು, ಮನೆಯಲ್ಲಿ ಮಾಡಿದ ಕೇಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮೊಟ್ಟೆ ಹಾಕಿಲ್ಲ ಎಂದು ಬಾಗಿಲಲ್ಲೇ ಹೇಳಿದರು. ಊಟಕ್ಕೆ ಅಂಗಳದಲ್ಲಿ ತಾಡಪತ್ರಿ ಕಟ್ಟಿ ಮೇಜು ಹಾಕಿತ್ತು. ಒಳಗೆ ಸೆಕೆ ಎಂದು ಕಾಕಾ ಕಾರಣ ಕೊಟ್ಟ. ಡಿಸೆಂಬರ್ ತಿಂಗಳು.

ಪಾತ್ರೆ ಬಂತು. ಕಾಕಾ ನಾಟಕದ ಪರದೆ ಸರಿಸುವವನಂತೆ ಮುಚ್ಚಳ ಎತ್ತಿದ. ಒಳಗೆ ಹಕ್ಕಿ ಜ್ವರದಿಂದ ಎದ್ದವರ ಹಾಗೆ ಬಿಳಿಚಿಕೊಂಡು ಮಲಗಿತ್ತು. ಮಾರ್ತಾಬಾಯಿ ಚಮಚದಿಂದ ತೊಡೆಯನ್ನು ಮೆಲ್ಲಗೆ ಒತ್ತಿದರು. ಕೆಂಪು ನೀರು ಬಂತು.

"ಸಾಯ್ಬಾ!" ಎಂದು ಕೊಂಕಣಿಯಲ್ಲಿ ದೇವರನ್ನು ಕರೆದು ಎದೆಯ ಮೇಲೆ ಕೈಯಿಟ್ಟು, ಕೂಡಲೇ ನಕ್ಕರು. "ರುದ್ರಪ್ಪಣ್ಣಾ, ಇದು ಇನ್ನಾ ಹಸಿ ಐತ್ರಿ."

"ಏಳ ತಾಸ ಆಗೈತ್ರಿ ಬಾಯಾರ!"

"ಆಗಲಿ ಬಿಡ್ರಿ, ಹಕ್ಕಿ ಹಟಮಾರಿ. ಒಂದ ಕೊಯ್ತಾ ಕೊಡ್ರಿ, ಕಡದ ಹಾಕ್ತೇನಿ. ಒಂದ ದೊಡ್ಡ ಪಾತ್ರಿ, ಮುಕ್ಕಾಲ ತಾಸ ನಿಮ್ಮ ಒಲಿ. ಎಲ್ಲಾರೂ ಹೊಟ್ಟಿ ತುಂಬ ಉಣ್ಣೂಣು."

ಹೀಗೆ ಹೇಳಿ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು. ಯಾರೂ ಅಲುಗಲಿಲ್ಲ. ಚಿಗವ್ವ ನೆಲ ನೋಡಿದಳು. ಗಿರಿಜಾ ಅಪ್ಪನನ್ನು ನೋಡಿದಳು. ನಾನು ನನ್ನ ಕೈಗಡಿಯಾರದ ಪಟ್ಟಿಯನ್ನು ಮೊದಲ ಸಲ ಕಂಡವನಂತೆ ಪರೀಕ್ಷಿಸಿದೆ. ಮೇಜು, ಕುರ್ಚಿ, ತಾಡಪತ್ರಿ, ಮುಂಡಗೋಡದ ಹಕ್ಕಿ, ಎಲ್ಲ ಹೊಂದಿಸಿದ್ದ ನಮ್ಮ ದೊಡ್ಡ ಮನಸ್ಸಿಗೆ ಮುಕ್ಕಾಲು ತಾಸಿನ ಒಲೆಯೊಂದನ್ನು ಹೊಂದಿಸಲಾಗಲಿಲ್ಲ.

"ಗ್ಯಾಸ್ ತೀರೈತ್ರಿ ಬಾಯಾರ," ಎಂದ ಕಾಕಾ.

ಸರಿಯಾಗಿ ಆಗಲೇ ಅಡುಗೆಮನೆಯೊಳಗಿಂದ ಚಿಗವ್ವನ ಬೇಳೆಯ ಕುಕ್ಕರ್ ಸೀಟಿ ಹೊಡೆಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ಕುಕ್ಕರುಗಳು ಅಷ್ಟು ಅಚ್ಚುಕಟ್ಟಾಗಿ ಸೀಟಿ ಹೊಡೆಯುವುದಿಲ್ಲ. ಆದರೆ ಕೇಳಿದ ಹಾಗೆ ನನಗೂ ನೆನಪಿದೆ.

ಮಾರ್ತಾಬಾಯಿ ಸೆರಗು ಬಿಚ್ಚಿ ಕೂತರು. ಪಾತ್ರೆಯ ಕಡೆ ಒಮ್ಮೆ ನೋಡಿ, ಯಾರನ್ನೂ ಉದ್ದೇಶಿಸದೆ, "ಇದು ಬೆಂದಿಲ್ಲ ಅಂತಲ್ಲ. ಬೇಯಾಕ ಬಿಟ್ಟಿಲ್ಲ," ಎಂದರು. ಆಮೇಲೆ ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ ತಿಂದರು. ಶೇಂಗಾ ಹಿಂಡಿಯನ್ನು ಹೊಗಳಿದರು. ಹೊರಡುವಾಗ, ಜೀವ ತೆಗೆದ ಮೇಲೆ ದಂಡ ಮಾಡಬಾರದೆಂದು ಹಕ್ಕಿಯನ್ನು ಒಂದು ಬಕೆಟ್ಟಿನಲ್ಲಿ ಹಾಕಿಸಿಕೊಂಡು ಹೋದರು. ಬಕೆಟ್ಟನ್ನು ಮರುದಿನ ತಿಕ್ಕಿ ತೊಳೆದು ಲೂಯಿಸನ ಕೈಯಲ್ಲಿ ಕಳಿಸಿದರು. ತಾವು ಬರಲಿಲ್ಲ.

ಮದುವೆ ಆಯಿತು, ಹಳಿಯಾಳದಲ್ಲಿ, ರಿಜಿಸ್ಟರ್ ಆಫೀಸಿನಲ್ಲಿ. ಕಾಕಾ ಹೊಸ ಕೋಟು ತೊಟ್ಟು ಬಂದು ಎಲ್ಲರಿಗೂ ಪೇಡೆ ಹಂಚಿದ. ಈಗ ಆ ಊಟದ ಕತೆಯನ್ನು ಅವನಷ್ಟು ಸೊಗಸಾಗಿ ಯಾರೂ ಹೇಳುವುದಿಲ್ಲ. ಅವನ ಕತೆಯಲ್ಲಿ ಮಾರ್ತಾಬಾಯಿ ಒಲೆ ಕೇಳುವುದೇ ಇಲ್ಲ. "ನನ್ನ ಟರ್ಕಿ ಮ್ಯಾಲ ನಡದ ಮದುವಿ ಅದು," ಎಂದು ಮುಗಿಸುತ್ತಾನೆ. ಕೇಳಿದವರು ಚಪ್ಪಾಳೆ ತಟ್ಟುವುದೊಂದು ಬಾಕಿ.

ಈಗ ಗಿರಿಜಾಳ ಪ್ರಶ್ನೆ. ಮಿಲ್ಲಿನ ಚಟ ಎಂದು ನಾನು ಬಹಳ ವರ್ಷ ಸಮಾಧಾನ ಹೇಳಿಕೊಂಡಿದ್ದೆ. ತಾಸಿಗೊಮ್ಮೆ ಅಂಕಿ ಬರೆದ ಕೈ, ಸುಮ್ಮನೆ ಕೂರಲಾರದು. ಆದರೆ ಹೋದ ವರ್ಷ ಕಾಕಾನ ಜೊತೆ ಕೆಲಸ ಮಾಡಿದವರೊಬ್ಬರು ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಈ ಮಾತು ತೆಗೆದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಮಾಸ್ತರ, ಡೈಜೆಸ್ಟರ್ ಮುಚ್ಚಳ ಬೇಯೂದರ ನಡಬರಕ ತಗದಾಂವ ಮನಿಗೆ ಹೊಳ್ಳಿ ಬಂದಾನೇನ್ರಿ? ನಮ್ಮ ಲೈನಿನಾಗ ಮೊದಲ ಕಲಸೂದ ಅದನ್ನ. ಮುಚ್ಚಿದ್ದನ್ನ ಮುಟ್ಟಬ್ಯಾಡ ಅಂತ." ಅಂದರೆ ಈ ಭೂಮಿಯ ಮೇಲೆ, ಬೇಯುವ ಪಾತ್ರೆಯ ಮುಚ್ಚಳ ತೆಗೆಯಬಾರದೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವರಲ್ಲಿ ಒಬ್ಬ ನಮ್ಮ ಕಾಕಾ. ಇದನ್ನು ಕೇಳಿ ಅರ್ಧ ದಿನ ನಾನು ಅವನನ್ನು ಅಪರಾಧಿ ಮಾಡಿದೆ. ಮರುದಿನ ಅವನ "ಮೀಟರ್ ಎಲ್ಲೈತಿ" ನೆನಪಾಯಿತು. ಮೀಟರ್ ನೋಡಿಯೇ ಬದುಕಿದವನು ಮೀಟರ್ ಇಲ್ಲದ ಕಡೆ ಗಾಬರಿಯಾಗುವುದೂ ನಿಜವೇ. ಎರಡೂ ನಿಲ್ಲುತ್ತವೆ, ಎರಡಕ್ಕೂ ಕಾಲಿದೆ. ಚಿಗವ್ವನನ್ನು ಕೇಳಿದರೆ, "ನಾ ಒಲಿ ಕೊಡಂಗಿಲ್ಲ ಅಂತ ಮೊದಲ ಹೇಳಿದ್ದೆ," ಎನ್ನುತ್ತಾಳೆ. ಆ ಮನೆಯಲ್ಲಿ ಆ ದಿನ ತನ್ನ ಮನಸ್ಸಿನಲ್ಲಿದ್ದುದನ್ನು ಬಾಯಿಂದ ಹೇಳಿದವಳು ಆಕೆ ಒಬ್ಬಳೇ.

ಇನ್ನು ಹನ್ನೊಂದು ಗಂಟೆ. ಕಾಕಾ ಸ್ನಾನಕ್ಕೆ ಹೋಗಿದ್ದ. ನಾನು ಒಬ್ಬನೇ ಇದ್ದೆ. ಪುಸ್ತಿಕೆ ಓದಿದವನು, ಕಾವು ಏಕೆ ಏರುತ್ತಿಲ್ಲವೆಂದು ತಿಳಿದವನು. ಕಾಕಾ ಬರುವವರೆಗೆ ಮುಚ್ಚಿಯೇ ಇಟ್ಟು, ಕೇಳಿದರೆ ಒಂದು ಸುಳ್ಳು ಅಂಕಿ ಬರೆದಿಡಬಹುದಾಗಿತ್ತು. ಹಕ್ಕಿ ಬೇಯುತ್ತಿತ್ತೋ ಏನೋ. ನಾನು ಮುಚ್ಚಳ ಎತ್ತಿದೆ, ರೀಡಿಂಗಿಗೆ ಎಂದೇ. ಅಷ್ಟರಲ್ಲಿ ಸಾಂಬ್ರಾಣಿಯಿಂದ ಅವ್ವನ ಫೋನ್.

"ಬೆಂತೇನೋ ಅದು?"

"ಇನ್ನಾ ಇಲ್ಲ."

"ಬೇಯದ ಇದ್ರ ಛಲೋ ನೋಡು. ಹೆಂಗರ ಮಾಡಿ ಈ ಸಂಬಂಧ ಇವತ್ತ ಇಲ್ಲೇ ಮುರದ ಬೀಳಲಿ. ಇಂಥಾ ಮನಿ ಅಂತ ಗೊತ್ತಾದ್ರ ನಾಳೆ ನಿನ್ನ ತಂಗಿನ್ನ ನೋಡಾಕ ಯಾರ ಬರ್ತಾರ?"

ನಾನು "ಹೂಂ," ಎಂದೆ. ಬಸವ ಜಯಂತಿಗೆ ಮಕ್ಕಳ ಮುಂದೆ ಜಾತಿಯಿಲ್ಲ, ಭೇದವಿಲ್ಲ ಎಂದು ಮೈಕಿನಲ್ಲಿ ಮುಕ್ಕಾಲು ತಾಸು ಮಾತಾಡುವವನು, ಬರೇ "ಹೂಂ" ಎಂದೆ. ಅವ್ವ ಮುಂದುವರಿಸಿದಳು, ಯಾವ ಊರಿನ ಯಾವ ಗಂಡು, ಯಾರು ಏನೆಂದಾರು. ನನ್ನ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಮುಚ್ಚಳ. ಪಾತ್ರೆ ಬಾಯ್ದೆರೆದು ಕೂತಿತ್ತು, ಹಬೆ ಹೋಗುವಷ್ಟು ಹೋಗಿ ಆಮೇಲೆ ನಿಂತೇಬಿಟ್ಟಿತು. ಅವ್ವನ ಮಾತು ಮುಗಿದ ಮೇಲೆ ಮುಚ್ಚಿದೆ. ಹತ್ತು ನಿಮಿಷವೋ, ಇಪ್ಪತ್ತೋ. ತಂಗಿಯ ಮದುವೆ, ಅಂದ ಹಾಗೆ, ಎರಡು ವರ್ಷದ ಮೇಲೆ ನವಲಗುಂದದಲ್ಲಿ ಯಾವ ಅಡ್ಡಿಯಿಲ್ಲದೆ ಆಯಿತು. ಗಿರಿಜಾ, ಲೂಯಿಸ್ ಇಬ್ಬರೂ ಬಂದು ಊಟ ಬಡಿಸಿದರು.

ಇವತ್ತು ಸಂಜೆ ಹೇಳಿದ ಹೊತ್ತಿಗೇ ಗಿರಿಜಾಳ ಫೋನ್ ಬಂತು.

"ಹೇಳಣ್ಣಾ."

ಕಾಕಾನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಎಂದೆ. ಆಮೇಲೆ ಹನ್ನೊಂದು ಗಂಟೆಯದನ್ನು ಹೇಳಿದೆ. ಅವ್ವ ಅಂದದ್ದನ್ನೂ, ನಾನು ಅಂದದ್ದನ್ನೂ. ಅವಳ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು, ಮಾರ್ತಾಬಾಯಿಯೇ ಇರಬೇಕು.

"ನೀ ಬೇಕಂತ ಹಿಡಕೊಂಡ ನಿಂತಿದ್ದೇನಣ್ಣಾ?"

"ಗೊತ್ತಿಲ್ಲವಾ."

"ಇಷ್ಟ ಹೇಳಾಕ ಎಂಟ ವರ್ಷ ಬೇಕಾತು."

"ಹೂಂ."

"ಈಗ ಅತ್ತಿಗೆ ನಾ ಏನಂತ ಹೇಳಲಿ?"

"ಇದ್ದದ್ದ ಇದ್ದಂಗ ಹೇಳು."

"ಇದ್ದದ್ದು ಏನಂತ ನಿನಗ ಗೊತ್ತಿಲ್ಲಲ್ಲ," ಎಂದಳು ಗಿರಿಜಾ, ಸಿಟ್ಟಿಲ್ಲದೆ, ಮತ್ತು ಫೋನ್ ಇಟ್ಟ ಹಾಗೆ ಕೇಳಿಸಿತು.

ನಿಜ. ನನಗೆ ಗೊತ್ತಿಲ್ಲ.